ಬಟ್ಟೆಗಾಡಿಯ ಹಿಂದಿನ ಸೀಟು

“ಸೂಜಿ ಹಿಡಿಯಲ್ಲ ಅಂದ್ರೆ ಹಿಡಿಯಲ್ಲ. ಬೇಕಾದ್ರೆ ಈ ಕೈಯನ್ನೇ ಕತ್ತರಿಸ್ಕೊಂಡು ಹೋಗಿ. ಅದು ಹೊಲಿದುಕೊಟ್ರೆ ಹೊಲಿಸ್ಕೊಳ್ಳಿ.”

ಅಕ್ಕ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. ಗುಂಡುಸೂಜಿಯ ಡಬ್ಬಿ ಹಾರಿಬಿದ್ದು ಸೂಜಿಗಳೆಲ್ಲ ನೆಲದ ಪಾಲಾದವು. ಯಾರೂ ಬಗ್ಗಿ ಆರಿಸಲಿಲ್ಲ.

“ದನಿ ತಗ್ಗಿಸಮ್ಮ,” ಎಂದರು ಮೇಜರ್. “ಬೈಸ್ಕೊಂಡು ನಿಂತಿರೋಕೆ ನಾನೇನು ನಿನ್ನ ಗಂಡ ಅಲ್ಲ.”

“ನನ್ನ ಗಂಡ ಆದ್ರೆ ಬೈಸ್ಕೊಂಡು ಕೆಲಸ ಮಾಡ್ತಾನೆ. ನೀವು ಬೈಸ್ಕೊಂಡು ಸಹಿ ಹಾಕ್ತೀರಿ.”

ಆ ಗಂಡ ಶೆಡ್ಡಿನ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಎಂಜಿನ್ನಿನ ಬಿಡಿಭಾಗವೊಂದನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ. ಈ ಮೈದಾನದಲ್ಲಿ ಕಾವಲಿನವನಿಂದ ಹಿಡಿದು ಮೇಜರ್‌ವರೆಗೆ ಎಲ್ಲರಿಗೂ ಅವನು ಭಾವ. ಸತ್ತುಹೋದ ಮೈದುನ ಹಾಗೆ ಕರೆಯುತ್ತಿದ್ದ, ಅದೇ ಎಲ್ಲರ ನಾಲಿಗೆಯ ಮೇಲೂ ಕೂತುಬಿಟ್ಟಿತ್ತು. ಅವನ ಹೆಂಡತಿ ಎಲ್ಲರಿಗೂ ಅಕ್ಕ. ವಿಮಾನದ ಎಂಜಿನ್ ಅವನ ಪಾಲು, ಬಟ್ಟೆ ಅವಳ ಪಾಲು.

ಬಟ್ಟೆ ಎಂದರೆ ಬಟ್ಟೆಯೇ. ಬೆರಳುಗಾತ್ರದ ಕೊಳವೆಗಳ ಗೂಡಿಗೆ ಹೊಲಿದ ಬಟ್ಟೆ, ಅದರ ಮೇಲೆ ಬಿಗಿಯಾಗಲೆಂದು ಬಳಿದ ಮದ್ದು, ಮೂತಿಗೊಂದು ಫ್ಯಾನು, ಒಳಗೆ ಒಂದರ ಹಿಂದೊಂದು ಎರಡು ಸೀಟು. ಬಾಂಬಿಲ್ಲ, ಕೋವಿಯಿಲ್ಲ. ಮೇಲೆ ಹೋಗಿ ನಮ್ಮ ಫಿರಂಗಿಯ ಗುಂಡು ಎಲ್ಲಿ ಬಿತ್ತೆಂದು ನೋಡಿ ಹೇಳುವುದು, ಅಧಿಕಾರಿಗಳನ್ನೂ ಕಾಗದಪತ್ರಗಳನ್ನೂ ಅಲ್ಲಿಂದಿಲ್ಲಿಗೆ ಸಾಗಿಸುವುದು, ಅಷ್ಟೇ ಅದರ ಕೆಲಸ. ಸಿಪಾಯಿಗಳು ಅದಕ್ಕೆ ಬಟ್ಟೆಗಾಡಿ ಎಂದು ಹೆಸರಿಟ್ಟಿದ್ದರು. ನಗುತ್ತಲೇ ಇಟ್ಟ ಹೆಸರು. ಆದರೆ ತಲೆಯ ಮೇಲೆ ಅದು ಸುತ್ತುತ್ತಿದ್ದರೆ ನಗುತ್ತಿದ್ದವರೇ ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದರು.

“ಬೆಳಗಾದ್ರೆ ಇದು ಮೇಲೆ ಹೋಗಬೇಕು,” ಎಂದರು ಮೇಜರ್. “ಫಿರಂಗಿಯವರು ಕಣ್ಣಿಗೆ ಬಟ್ಟೆ ಕಟ್ಕೊಂಡು ಕೂತಹಾಗೆ ಕೂತಿದಾರೆ. ಎಳ್ಕೊಂಡು ಬರೋವಾಗ ಹೊಟ್ಟೆ ಹರಿದಿದೆ. ಒಂದು ಮಧ್ಯಾಹ್ನದ ಹೊಲಿಗೆ. ಅಷ್ಟಕ್ಕೆ ಇಷ್ಟು ರಂಪ.”

“ನನ್ನ ತಮ್ಮನ ರಕ್ತ ಇನ್ನೂ ಆ ಮುಂದಿನ ಸೀಟಿನ ಕ್ಯಾನ್ವಾಸ್ ಮೇಲಿದೆ. ಅದರ ಮೇಲೆ ಇನ್ನೊಬ್ಬನನ್ನ ಕೂರಿಸ್ತೀರಿ. ಸಂಜೆ ಹೊತ್ತಿಗೆ ನನ್ನ ತಮ್ಮನ್ನ ದೇಶ ಮಾರ್ಕೊಂಡವನು ಅಂತ ಬರೆದು ಬೇಲಿಯಿಂದಾಚೆ ಹೂಳ್ತೀರಿ. ಅಮ್ಮನಿಗೆ ನಾನು ಹೋಗಿ ಏನಂತ ಹೇಳಲಿ? ನಿನ್ನ ಮಗನ್ನ ನಾಯಿ ಹೂತ ಹಾಗೆ ಹೂತ್ರು, ನಾನು ತೇಪೆ ಹಾಕ್ತಾ ಇದ್ದೆ ಅಂತಲಾ?”

ಬಟ್ಟೆಗಾಡಿಯ ಬಾಗಿಲೊಳಗೆ ಅರ್ಧ ಮೈ ತೂರಿಸಿಕೊಂಡಿದ್ದ ಮನುಷ್ಯ ಅಲ್ಲಿಗೆ ತಲೆ ಹೊರತೆಗೆದ.

ಅವನು ತನಿಖೆಗೆಂದು ಕೇಂದ್ರಕಚೇರಿಯಿಂದ ಬಂದವನು. ಕುಳ್ಳ, ಬೋಳುತಲೆ, ಐವತ್ತರ ಆಚೆಯ ವಯಸ್ಸು. ಹಿಡಿದರೆ ಬಿಡುವವನಲ್ಲ ಎಂದು ದಂಡಿನಲ್ಲೆಲ್ಲ ಅವನಿಗೆ ಜಿಗಣೆ ಎಂದು ಹೆಸರು. ಅದು ಅವನಿಗೂ ಗೊತ್ತಿತ್ತು. ಬೇಸರವಿರಲಿಲ್ಲ. ಇದಕ್ಕಿಂತ ಕೆಟ್ಟ ಹೆಸರುಗಳನ್ನು ಮನೆಯಲ್ಲೇ ಕೇಳಿದ್ದ.

“ಯಾವ ಸೀಟು ಅಂದಿರಿ?” ಎಂದು ಕೇಳಿದ.

“ಮುಂದಿನದು. ಕಣ್ಣಿಲ್ವಾ ನಿಮಗೆ? ಈಗ ತಾನೇ ಮೂಗು ತೂರಿಸಿ ನೋಡಿದ್ರಲ್ಲ.”

“ನೋಡಿದೆ. ನಿಮ್ಮ ಬಾಯಲ್ಲಿ ಕೇಳ್ಬೇಕಿತ್ತು.”

ಬಾಗಿಲ ಬಳಿ ಸೀಮೆಎಣ್ಣೆಯ ಸದ್ದು ನಿಂತಿತು. ಜಿಗಣೆ ಆ ಕಡೆ ನೋಡಲಿಲ್ಲ, ಕಿವಿ ಮಾತ್ರ ಕೊಟ್ಟ. ಸ್ವಲ್ಪ ಹೊತ್ತಿಗೆ ತೊಳೆಯುವ ಸದ್ದು ಮತ್ತೆ ಶುರುವಾಯಿತು.

ಕಥೆ ಎಲ್ಲರ ಬಾಯಲ್ಲೂ ಒಂದೇ ಇತ್ತು. ಮೂರು ದಿನದ ಹಿಂದೆ ಅಕ್ಕನ ತಮ್ಮ, ಗುಬ್ಬಿ ಎಂದು ಕರೆಸಿಕೊಳ್ಳುತ್ತಿದ್ದ ಪೈಲಟ್, ಮುಂಚೂಣಿಗೆ ಒಯ್ಯಬೇಕಾದ ಚರ್ಮದ ಚೀಲ ಹಿಡಿದು ಒಬ್ಬನೇ ಹಾರಿದ. ಸಂಜೆಗೆ ಗಸ್ತಿನವರಿಗೆ ಅವನ ವಿಮಾನ ದಾರಿ ಬಿಟ್ಟು ಎಷ್ಟೋ ದೂರ, ಶತ್ರುವಿನ ಸಾಲಿಗೆ ಹತ್ತಿರದ ಕೊಯ್ದ ಹೊಲವೊಂದರಲ್ಲಿ ಸಿಕ್ಕಿತು. ಬೆನ್ನಿಗೆ ಗುಂಡು ಬಿದ್ದು ಗುಬ್ಬಿ ಸತ್ತಿದ್ದ. ಚೀಲ ಇರಲಿಲ್ಲ. ಫಿರಂಗಿಗಳನ್ನು ಎಲ್ಲಿಗೆ ಸರಿಸುತ್ತಾರೆಂಬ ನಕ್ಷೆ ಆ ಚೀಲದಲ್ಲಿತ್ತು. ಮಾರಲು ಹೋದ, ತೆರೆದ ಬಾಗಿಲಿನಿಂದ ಯಾರದೋ ಗುಂಡು ಬಂತು, ಹೇಗೋ ಇಳಿಸಿ ಸತ್ತ. ಇದು ಮೇಜರ್ ಬರೆದಿಟ್ಟಿದ್ದ ವರದಿ. ಸಹಿಯೊಂದು ಬಾಕಿ.

“ಮೇಜರ್ ಸಾಹೇಬ್ರೆ, ಸೂರ್ಯ ಮುಳುಗೋವರೆಗೆ ಸಮಯ ಕೊಡಿ,” ಎಂದ ಜಿಗಣೆ.

“ಯಾಕೆ?”

“ನೀವು ವಿಮಾನ ಓಡಿಸ್ತೀರಾ?”

“ನಾನು ಫಿರಂಗಿಯವನು. ಇದರಲ್ಲಿ ಕೂತ್ರೆ ವಾಂತಿ ಬರುತ್ತೆ.”

“ನನಗೂ ಬಂತು. ಇವತ್ತು ಬೆಳಿಗ್ಗೆ ಇಂಥದ್ದರಲ್ಲೇ ಬಂದೆ. ಪೈಲಟ್ ಮುಂದೆ ಕೂತಿದ್ದ, ನಾನು ಹಿಂದೆ. ನನ್ನ ಇಳಿಸಿದ ಮೇಲೆ ಅವನೂ ಇಳಿದ. ಇಳಿದು ಹಿಂದಿನ ಸೀಟಿಗೆ ಹತ್ತಿ ಕೂತ. ಏನಪ್ಪಾ, ಮುಂದೆ ಮುಳ್ಳಿತ್ತಾ ಅಂದೆ. ಒಬ್ಬನೇ ಇದ್ದಾಗ ಮುಂದೆ ಕೂತ್ರೆ ಮೂತಿ ಭಾರ ಆಗುತ್ತೆ ಸಾರ್, ನೆಲ ಮುಟ್ಟಿದಾಗ ಮುಗ್ಗರಿಸುತ್ತೆ, ಒಬ್ಬನೇ ಅಂದ್ರೆ ಯಾವತ್ತೂ ಹಿಂದೆ ಅಂದ.”

ಅಕ್ಕ ಬಟ್ಟೆಗಾಡಿಯ ಬಾಗಿಲ ಬಳಿಗೆ ಹೋದಳು. ಮುಂದಿನ ಸೀಟನ್ನೂ ಅದರ ಹಿಂದಿನದನ್ನೂ ನೋಡಿದಳು. ಎಷ್ಟೋ ವರ್ಷದಿಂದ ಈ ವಿಮಾನಗಳ ನಡುವೆಯೇ ಬದುಕಿದವಳು.

“ನನಗೆ ರಕ್ತ ಕಾಣಿಸ್ತು,” ಎಂದಳು ಮೆಲ್ಲಗೆ. “ಸೀಟು ಕಾಣಿಸಲಿಲ್ಲ.”

“ಸೂರ್ಯ ಮುಳುಗೋವರೆಗೆ,” ಎಂದರು ಮೇಜರ್. “ಆಮೇಲೆ ನಾನೂ ಸಹಿ ಹಾಕ್ತೀನಿ, ಅವಳೂ ಹೊಲಿಗೆ ಹಾಕ್ತಾಳೆ.”

ಅವರು ಹೋದರು. ಭಾವನೂ ಸೀಮೆಎಣ್ಣೆಯ ಬಾಣಲಿ ಎತ್ತಿಕೊಂಡು ಎದ್ದ. ಬಾಗಿಲ ಪಕ್ಕದಲ್ಲಿ ನೀರು ತುಂಬಿದ ಬಕೆಟ್ಟು, ಬ್ರಷ್ಷು ಇದ್ದವು.

“ಇದೇನಕ್ಕೆ?” ಜಿಗಣೆ ಕೇಳಿದ.

“ಸೀಟು ತೊಳೆಯೋಣ ಅಂತ ತಂದೆ ಸಾರ್, ಬೆಳಿಗ್ಗೆ. ಇವಳು ಬಿಡಲಿಲ್ಲ.”

“ಒಳ್ಳೇದು ಮಾಡಿದ್ರು.”

ಭಾವ ಹೊರಟುಹೋದ.

ಜಿಗಣೆ ಕೋಟು ಬಿಚ್ಚಿ ಗೂಟಕ್ಕೆ ನೇತುಹಾಕಿ ವಿಮಾನದ ಮೈಯನ್ನು ಅಂಗೈಯಿಂದ ಸವರುತ್ತ ನಡೆದ. ತೇಪೆಗಳಿಗೆ ಲೆಕ್ಕವಿರಲಿಲ್ಲ. ರೆಕ್ಕೆಯ ಮೇಲೆ, ಬಾಲದ ಮೇಲೆ, ಎಲ್ಲೆಲ್ಲೂ ಹಪ್ಪಳದಂಥ ದುಂಡು ತೇಪೆಗಳು.

“ಎಲ್ಲಾ ನಿಮ್ಮದೇನಾ?”

“ನನ್ನದೇ. ಒಂದೊಂದು ಯಾವತ್ತು ಹಾಕಿದ್ದು ಅಂತ ಕೇಳ್ಬೇಡಿ. ಅಷ್ಟು ತಲೆ ಇದ್ದಿದ್ರೆ ನಿಮ್ಮ ಕುರ್ಚೀಲಿ ಕೂತಿರ್ತಿದ್ದೆ.”

“ನನಗೆ ಕುರ್ಚಿ ಎಲ್ಲಿ ಕೊಟ್ಟಿದಾರೆ? ನಿಂತೇ ಇದೀನಿ.”

ಅವಳ ತುಟಿ ಒಂದಿಷ್ಟು ಸಡಿಲವಾಯಿತು. ಜಿಗಣೆ ಬಲಬದಿಯ ಬಾಗಿಲಿನಿಂದ ಒಳಕ್ಕೆ ಬಗ್ಗಿ ಕಾಲಿಡುವ ಜಾಗದವರೆಗೂ ಕೈಯಾಡಿಸಿದ. ಎದುರಿನ ಎಡಬದಿಯಲ್ಲಿ, ಪೈಲಟ್ ಹಿಮ್ಮಡಿ ಊರುವ ಕಡೆ, ಬಟ್ಟೆ ಒಂದಿಷ್ಟು ಉಬ್ಬಿತ್ತು. ಅವನು ಎದ್ದು ಹೊರಗಿನಿಂದ ಸುತ್ತಿ ಆ ಜಾಗಕ್ಕೆ ಬಂದ. ಅಲ್ಲೊಂದು ತೇಪೆ. ಮದ್ದು ಬಳಿದಿತ್ತು. ಉಳಿದವುಗಳಂತೆ ಹೊಳೆಯುತ್ತಿರಲಿಲ್ಲ, ಒಂದೇ ಸಲ ಬಳಿದಂತೆ ಮಂಕಾಗಿತ್ತು.

“ಇದು?”

ಅಕ್ಕ ಬಗ್ಗಿ ನೋಡಿದಳು. “ಇದು ನನ್ನದಲ್ಲ.”

“ಯಾರದು?”

“ಇಲ್ಲಿ ಹೊಲಿಯೋಳು ನಾನೊಬ್ಬಳೇ. ಸೀಟಿನ ಹಿಂದೆ ಒಂದು ಸಣ್ಣ ಗಂಟು ಇಟ್ಟಿರ್ತೀವಿ. ಸೂಜಿ, ದಾರ, ಬಟ್ಟೆ ತುಂಡು, ಒಂದು ಡಬ್ಬಿ ಮದ್ದು. ದಾರೀಲಿ ಇಳಿದಾಗ ಹರಿದಿದ್ರೆ ಅಲ್ಲೇ ಹಾಕ್ಕೊಂಡು ಬರಲಿ ಅಂತ.”

ಜಿಗಣೆ ಆ ಗಂಟು ಹುಡುಕಿ ತೆಗೆದ. ಬಿಚ್ಚಿದ್ದರು. ದಾರದ ಉಂಡೆ ಸಣ್ಣದಾಗಿತ್ತು, ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ.

“ಬಿಚ್ಚಿ,” ಎಂದ ತೇಪೆ ತೋರಿಸಿ.

ಅವಳು ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಎತ್ತಿದಳು. ತೇಪೆ ಸರಿಯಿತು. ಕೆಳಗೆ ಬೆರಳು ತೂರುವಷ್ಟು ತೂತು. ಅದರ ಅಂಚಿನ ಎಳೆಗಳೆಲ್ಲ ಹೊರಮುಖವಾಗಿ ನಿಂತಿದ್ದವು.

ಜಿಗಣೆ ಅಲ್ಲೇ ನೆಲದ ಮೇಲೆ ಕೂತ. ವೈದ್ಯರ ಚೀಟಿಯಲ್ಲಿದ್ದದ್ದು ಅವನಿಗೆ ಬಾಯಿಪಾಠ. ಗುಂಡು ಬಲ ಭುಜದ ಹಿಂದಿನಿಂದ ಹೊಕ್ಕಿದೆ, ಎಡ ಪಕ್ಕೆಯ ಕೆಳಗಿನಿಂದ ಹೊರಬಿದ್ದಿದೆ. ಆಮೇಲೆ ಅದು ಪೈಲಟ್‌ನ ಹಿಮ್ಮಡಿಯ ಪಕ್ಕ ಬಟ್ಟೆ ಹರಿದು ಹೋಗಿದೆ. ಅಂದರೆ ಮೇಲಿನಿಂದ ಕೆಳಕ್ಕೆ. ನೆಲದಿಂದ ಹೊಡೆದ ಗುಂಡು ಮೇಲಕ್ಕೆ ಹೋಗಬೇಕು. ಮೈಯೊಳಗೆ ಹೊಕ್ಕ ಮೇಲೆ ಮನಸ್ಸು ಬದಲಾಯಿಸಿ ಕೆಳಗಿಳಿಯಲು ಅದೇನು ಬಂದುಹೋಗುವ ನೆಂಟನೇ? ಆಕಾಶದಿಂದ ಬಂದಿದೆಯೆಂದರೆ ರೆಕ್ಕೆಯಲ್ಲೋ ಗಾಜಿನಲ್ಲೋ ತೂತಿರಬೇಕು. ಎರಡನ್ನೂ ಸವರಿ ನೋಡಿದ್ದ. ಇರಲಿಲ್ಲ.

ಹಿಂದಿನ ಸೀಟಿನಲ್ಲಿ ಕೂತವನು ಕೈ ಎತ್ತಿ, ಮುಂದಿದ್ದವನ ಭುಜಕ್ಕೆ ಹೊಡೆದಿದ್ದ. ವಿಮಾನ ಸರಾಗವಾಗಿ ಇಳಿದಿತ್ತು, ಚಕ್ರಕ್ಕೂ ಏಟಿರಲಿಲ್ಲ. ಹಾಗಾದರೆ ಗುಬ್ಬಿ ಇಳಿಸಿದ ಮೇಲೆ ಹೊಡೆದದ್ದು. ಹೊಡೆದವನು ಓಡಿಹೋಗಲಿಲ್ಲ. ಆ ಹೊಲದ ನಡುವೆ ಕೂತು, ದಾರ ಪೋಣಿಸಿ ತೂತು ಮುಚ್ಚಿದ. ತೇಪೆಗಳ ಸಂತೆಯಲ್ಲಿ ಇನ್ನೊಂದು ತೇಪೆಯನ್ನು ಯಾರು ಕೇಳುತ್ತಾರೆ?

“ನಿಮ್ಮ ತಮ್ಮ ಮಾರೋಕೆ ಹೋಗಿರಲಿಲ್ಲ ಅಕ್ಕ,” ಎಂದ ಜಿಗಣೆ. “ಅವನ ಹಿಂದೆ ಕೂತವನು ಅವನನ್ನ ಕೊಂದ.”

ಬಿಚ್ಚಿದ ತೇಪೆ ಅವಳ ಅಂಗೈಯಲ್ಲಿತ್ತು.

“ಅದನ್ನ ಕೊಡಿ ಇಲ್ಲಿ.”

ಜಿಗಣೆ ಅದನ್ನು ಬೆಳಕಿಗೆ ಹಿಡಿದ. ಅಕ್ಕನ ಹೊಲಿಗೆ ಒಂದೇ ಎಳೆಯಲ್ಲಿ ಸಾಲಾಗಿ ಓಡುತ್ತಿತ್ತು. ಇದು ಹಾಗಲ್ಲ. ಒಂದು ಹೊಲಿಗೆ, ಅದಕ್ಕೊಂದು ಗಂಟು, ಕತ್ತರಿಸಿ ಬಿಟ್ಟ ದಾರದ ಬಾಲ. ಮತ್ತೊಂದು ಹೊಲಿಗೆ, ಮತ್ತೊಂದು ಗಂಟು. ಒಂದಕ್ಕೊಂದು ಸಂಬಂಧವಿಲ್ಲ.

ಅವನು ತನ್ನ ಶರ್ಟಿನ ತೋಳು ಮೇಲೆತ್ತಿದ. ಮುಂಗೈ ಮೇಲೆ ಹಳೆಯ ಗಾಯದ ಕಲೆ, ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಗೀರುಗಳು.

“ಹೀಗೆ ಬಟ್ಟೆ ಹೊಲಿಯೋದಿಲ್ಲ ಅಕ್ಕ. ಚರ್ಮ ಹೊಲೀತಾರೆ. ಆಸ್ಪತ್ರೆ ಹೊಲಿಗೆ ಇದು.”

“ಇರಬಹುದು.”

“ಯಾರದು ಅಂತ ಗೊತ್ತಾ?”

“ನನಗೆ ಹೇಗೆ ಗೊತ್ತಾಗುತ್ತೆ?”

ಅವಳು ನೆಲದ ಮೇಲಿನ ಗುಂಡುಸೂಜಿಗಳನ್ನು ಆರಿಸತೊಡಗಿದಳು. ಬೆಳಗಿನಿಂದ ಬಾಯಿ ಮುಚ್ಚದ ಹೆಂಗಸು. ತಮ್ಮನ ಮೇಲಿನ ಕಳಂಕ ತೊಳೆದುಹೋಯಿತೆಂದು ಹೇಳಿದರೂ ಒಂದು ಪ್ರಶ್ನೆ ಕೇಳಲಿಲ್ಲ. ಜಿಗಣೆಗೆ ಅದು ಹಿಡಿಸಲಿಲ್ಲ.

“ಮನೇಲಿ ಯಾರ್ಯಾರಿದೀರಿ?”

“ಅಮ್ಮ ಊರಲ್ಲಿದಾಳೆ. ನಾವು ಮೂರು ಜನ ಮಕ್ಕಳು. ನಾನು, ಗುಬ್ಬಿ, ಆಮೇಲೆ ಚಿಕ್ಕವನು.”

“ಚಿಕ್ಕವನು ಎಲ್ಲಿ?”

“ದಂಡಲ್ಲೇ ಇದಾನೆ. ಮುಂಚೂಣೀಲಿ,” ಎಂದು ಹೇಳಿ ಡಬ್ಬಿಯ ಮುಚ್ಚಳ ಒತ್ತಿದಳು.

ಮೈದಾನದ ಆಸ್ಪತ್ರೆ ಎಂದರೆ ಎರಡು ಕೋಣೆ, ಒಬ್ಬ ಮುದಿ ವೈದ್ಯ. ಗುಬ್ಬಿ ಹಾರಿದ ದಿನವಿಡೀ ಅವರು ಗಾಯಾಳುಗಳ ಮೇಜು ಬಿಟ್ಟು ಕದಲಿರಲಿಲ್ಲ. ಹತ್ತು ಜನ ಸಾಕ್ಷಿ ಹೇಳಿದರು. ಅಷ್ಟಕ್ಕೂ ಅವರ ಸೊಂಟ ಹಿಡಿದುಕೊಂಡಿತ್ತು. ಬಟ್ಟೆಗಾಡಿಯ ಹಿಂದಿನ ಸೀಟಿಗೆ ಅವರನ್ನು ಹತ್ತಿಸಬೇಕಾದರೆ ರೆಕ್ಕೆ ಬಿಚ್ಚಬೇಕಿತ್ತು.

ಉಳಿದದ್ದು ಒಂದೇ ಬಾಗಿಲು. ಈ ವಿಮಾನದ ಎಂಜಿನ್ ತಾನಾಗಿ ಏಳುವುದಿಲ್ಲ. ಯಾರಾದರೂ ಎದುರು ನಿಂತು ಫ್ಯಾನನ್ನು ಕೈಯಿಂದ ತಿರುಗಿಸಬೇಕು. ತಿರುಗಿಸುವವನ ಕಣ್ಣೆದುರಿಗೇ ಎರಡೂ ಸೀಟು. ಆ ಬೆಳಿಗ್ಗೆ ತಿರುಗಿಸಿದವನು ಭಾವ. ಒಬ್ಬನೇ ಹೋದ ಎಂದು ಹೇಳಿದವನೂ ಅವನೇ.

ಮೇಜರ್ ಕೋಣೆಯಲ್ಲಿ ಕಿಟಕಿಯ ಬೆಳಕು ಅಡ್ಡಬಿದ್ದಿತ್ತು. ಮೇಜಿನ ಮೇಲೆ ಸಹಿಯಿಲ್ಲದ ವರದಿ, ಅದರ ಮೇಲೊಂದು ಪೆನ್ನು. ಭಾವ ನಿಂತಿದ್ದ, ಉಗುರಿನ ಸಂದಿಯ ಜಿಡ್ಡು ಕೆರೆಯುತ್ತ. ಅಕ್ಕ ಗೋಡೆಗೆ ಒರಗಿದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ, ಹೊರಗೆ ಹೋಗು ಎನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

“ಭಾವ,” ಎಂದ ಜಿಗಣೆ, “ಗುಬ್ಬಿ ಒಬ್ಬನೇ ಹೋದ ಅಂದೆ.”

“ಹೌದು ಸಾರ್.”

“ಯಾವ ಸೀಟಲ್ಲಿ ಕೂತಿದ್ದ?”

“ಮುಂದೆ.”

“ಒಬ್ಬನೇ ಇದ್ರೆ ಹಿಂದೆ ಅಲ್ವಾ?”

“ಹಿಂದೆ ಟಪಾಲು ಮೂಟೆ ಕಟ್ಟಿದ್ದೆ ಸಾರ್. ಆ ಭಾರಕ್ಕೆ ಸರಿಹೋಗುತ್ತೆ.”

“ಮೊದಲನೇ ಹೇಳಿಕೇಲಿ ಮೂಟೆ ಇಲ್ಲ.”

“ಕೇಳಲಿಲ್ಲ, ಹೇಳಲಿಲ್ಲ.”

“ಗಸ್ತಿನವರಿಗೂ ಮೂಟೆ ಸಿಕ್ಕಿಲ್ಲ.”

“ಚೀಲಾನೇ ಹೊತ್ಕೊಂಡು ಹೋದವರಿಗೆ ಮೂಟೆ ಭಾರವಾ ಸಾರ್?”

ಮೇಜರ್ ಮೂಗಿನಲ್ಲಿ ನಕ್ಕರು. ಉತ್ತರ ಚೆನ್ನಾಗಿಯೇ ಇತ್ತು. ಬೆಳಗಿನಿಂದ ಕೂತು ಯೋಚಿಸಿದ ಉತ್ತರ, ಅದಕ್ಕೇ ಅಷ್ಟು ನುಣುಪು ಎಂದುಕೊಂಡ ಜಿಗಣೆ. ಜೇಬಿನಿಂದ ತೇಪೆ ತೆಗೆದು ವರದಿಯ ಮೇಲಿಟ್ಟ.

“ಮೂಟೆ ಗುಂಡು ಹೊಡೆಯುತ್ತಾ?”

ಭಾವ ನೋಡಿದ. “ಏನು ಸಾರ್?”

“ಗುಂಡು ನೆಲದಿಂದ ಬಂದದ್ದಲ್ಲ. ಹಿಂದಿನ ಸೀಟಿಂದ ಬಂದದ್ದು. ಭುಜದಲ್ಲಿ ಹೊಕ್ಕು ಹಿಮ್ಮಡಿ ಹತ್ರ ಹೊರಗೆ ಹೋಗಿದೆ. ಹೊಡೆದವನು ಆ ತೂತಿನ ಮೇಲೆ ಇದನ್ನ ಹೊಲಿದಿದಾನೆ. ನಿನ್ನ ಮೂಟೆಗೆ ಹೊಲಿಗೇನೂ ಬರುತ್ತಾ?”

ಭಾವನ ಕೈ ಕೆರೆಯುವುದನ್ನು ನಿಲ್ಲಿಸಿತು. ಅವನು ಮೇಜಿನತ್ತ ಒಂದು ಹೆಜ್ಜೆ ಬಂದು ತೇಪೆಯನ್ನು ಮುಟ್ಟದೆ ಬಗ್ಗಿ ನೋಡಿದ. ಒಂದು ಗಂಟು, ಅದರ ಪಕ್ಕ ಒಂದು ಗಂಟು. ಕೊನೆಗೆ ಅವನು ತಿರುಗಿ ನೋಡಿದ್ದು ಜಿಗಣೆಯನ್ನಲ್ಲ, ಹೆಂಡತಿಯನ್ನು.

ಅವಳೂ ಅವನನ್ನೇ ನೋಡುತ್ತಿದ್ದಳು.

“ಇದು ಹೀಗೆ ಅಂತ ನನಗೆ ಗೊತ್ತಿರಲಿಲ್ಲ ಕಣೇ,” ಎಂದ ಭಾವ. “ಆಣೆ ಮಾಡಿ ಹೇಳ್ತೀನಿ. ಗೊತ್ತಿರಲಿಲ್ಲ.”

“ಹೇಳಿಬಿಡಿ ಅವರಿಗೆ,” ಎಂದಳು ಅಕ್ಕ.

“ನೀನು ಹೊರಗೆ ಹೋಗು.”

“ಹೋಗಲ್ಲ. ಹೇಳಿ.”

ಭಾವ ಕುರ್ಚಿಗಾಗಿ ಕೈ ಹಿಂದಕ್ಕೆ ಚಾಚಿದ. ಅಲ್ಲಿ ಕುರ್ಚಿ ಇರಲಿಲ್ಲ. ನಿಂತೇ ಹೇಳಿದ.

“ಚಿಕ್ಕವನು ಸಾರ್. ಇವಳ ಕೊನೇ ತಮ್ಮ. ಮುಂಚೂಣಿ ಆಸ್ಪತ್ರೇಲಿ ಕಾಂಪೌಂಡರ್. ಗಾಯ ತೊಳೆಯೋದು, ಹೊಲಿಯೋದು ಅವನ ಕೆಲಸ. ಹೆದರ್ಕೊಂಡು ಬಿಟ್ಟು ಓಡಿಬಂದಿದ್ದ. ಗಾಯಾಳುಗಳ ಲಾರೀಲಿ ಅಡಗಿ ಬಂದು ಪೆಟ್ರೋಲ್ ಡಬ್ಬಗಳ ಹಿಂದೆ ಬಿದ್ಕೊಂಡಿದ್ದ. ನಾನೂ ಗುಬ್ಬೀನೂ ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ. ಅಕ್ಕನಿಗೆ ಹೇಳ್ಬೇಡ, ಬೈತಾಳೆ ಅಂದ ಹುಡುಗ.”

“ಬಿಟ್ಟು ಓಡಿಬಂದವನಿಗೆ ಏನು ಶಿಕ್ಷೆ ಗೊತ್ತಲ್ಲ,” ಎಂದರು ಮೇಜರ್.

“ಗೋಡೆಗೆ ನಿಲ್ಲಿಸ್ತೀರಿ. ಗೊತ್ತು. ಅದಕ್ಕೇ ಗುಬ್ಬಿ ಅವನಿಗೆ ಬುದ್ಧಿ ಹೇಳಿದ. ಇನ್ನೂ ಯಾರೂ ಗಮನಿಸಿರಲ್ಲ, ನಾನು ಹೋಗೋ ದಾರೀಲೇ ನಿನ್ನ ಆಸ್ಪತ್ರೆ ಹಿಂದಿನ ಬಯಲಲ್ಲಿ ಇಳಿಸಿಬಿಡ್ತೀನಿ, ಏನೂ ಆಗಿಲ್ಲ ಅನ್ನೋ ಹಾಗೆ ಹೋಗಿ ಕೆಲಸ ಮಾಡು ಅಂದ. ಹುಡುಗ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹತ್ತಿ ಕೂತ. ನಾನು ಫ್ಯಾನು ತಿರುಗಿಸಿದೆ.”

“ಸಂಜೆ ಗುಬ್ಬಿ ಸತ್ತ ಸುದ್ದಿ ಬಂತು,” ಎಂದ ಜಿಗಣೆ.

“ಬಂತು. ಶತ್ರು ಹೊಡೆದಿದಾನೆ, ಚಿಕ್ಕವನು ಹೇಗೋ ತಪ್ಪಿಸ್ಕೊಂಡು ಆಸ್ಪತ್ರೆ ಸೇರಿದಾನೆ ಅಂದ್ಕೊಂಡೆ. ಹಿಂದೆ ಒಬ್ಬ ಇದ್ದ ಅಂದ್ರೆ ಯಾರು ಅಂತ ಕೇಳ್ತೀರಿ. ಹೇಳಿದ್ರೆ ಅವನೂ ಹೋಗ್ತಾನೆ. ಸತ್ತವನಿಗೆ ಇನ್ನೇನಾಗಬೇಕು ಸಾರ್, ಇದ್ದವನಾದ್ರೂ ಉಳೀಲಿ ಅಂತ ಒಬ್ಬನೇ ಅಂದೆ.”

“ಸತ್ತವನ ತಲೆ ಮೇಲೆ ಗೂಬೆ ಕೂರಿಸಿದೆ.”

“ಕೂರಿಸಿದೆ. ಗೂಬೆ ಹೊತ್ಕೊಂಡ್ರೆ 'ಹೋಗ್ಲಿ ಬಿಡು ಭಾವ' ಅಂತಿದ್ದ ಅವನು. ನನಗೆ ಗೊತ್ತು ಅವನು.”

ಹೊರಗೆ ಮೈದಾನದಲ್ಲಿ ಬಟ್ಟೆಗಾಡಿಯೊಂದು ಇಳಿಯಿತು, ಮನೆಗೆ ಬಂದ ಕೋಳಿಯಂತೆ ಕೊಕ್ಕೊಕ್ಕೆನ್ನುತ್ತ ಎಂಜಿನ್ ನಿಂತಿತು.

ಅಕ್ಕ ಗೋಡೆಯಿಂದ ಈಚೆ ಬಂದಳು.

“ಅವನಿಗೆ ಪಿಸ್ತೂಲು ಎಲ್ಲಿಂದ ಬಂತು?” ಎಂದು ಗಂಡನನ್ನು ಕೇಳಿದಳು. “ಕಾಂಪೌಂಡರ್‌ಗಳಿಗೆ ಆಯುಧ ಕೊಡಲ್ಲ. ಗುಬ್ಬೀದು ಅವನ ಸೊಂಟದಲ್ಲೇ ಇತ್ತು, ಗುಂಡೂ ಪೂರ್ತಿ ಇದ್ವು. ಸಾಹೇಬರೇ ಹೇಳಿದಾರೆ. ಕೈಯಲ್ಲಿ ಏನೂ ಇಲ್ಲದ ಹುಡುಗ ಯಾತರಿಂದ ಹೊಡೆದ?”

ಇದನ್ನು ಜಿಗಣೆ ಕೇಳಬೇಕಾಗಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು.

ಭಾವ ನೆಲ ನೋಡಿದ.

“ನಿಮ್ಮನ್ನೇ ಕೇಳ್ತಿರೋದು.”

“ಬಯಲಲ್ಲಿ ಇಳಿಸಿದ ಮೇಲೆ ಒಬ್ಬನೇ ನಡ್ಕೊಂಡು ಹೋಗಬೇಕಲ್ಲ ಅಂತ,” ಎಂದ. “ದಾರೀಲಿ ಏನಾದ್ರೂ ಆದ್ರೆ ಅಂತ ನಂದು ಕೊಟ್ಟೆ.”

ಅಕ್ಕ ಕಿರುಚುತ್ತಾಳೆ ಎಂದುಕೊಂಡಿದ್ದ ಜಿಗಣೆ. ಮೇಜರ್ ಕೂಡ ಹಾಗೇ ಅಂದುಕೊಂಡಿರಬೇಕು, ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿದರು. ಅವಳು ಕಿರುಚಲಿಲ್ಲ. ಸೆರಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿಯನ್ನು ತೆಗೆದು ಮೇಜಿನ ಅಂಚಿನಲ್ಲಿಟ್ಟಳು.

ಮೇಜರ್ ಹಳೆಯ ವರದಿಯನ್ನು ಅಡ್ಡಡ್ಡ ಗೀಚಿ, ಹೊಸ ಹಾಳೆ ಎಳೆದುಕೊಂಡರು. ಪೆನ್ನು ಹಿಡಿದು ಒಂದು ಗಳಿಗೆ ಕೂತರು.

“ನೋಡಮ್ಮ, ನಿನ್ನ ಒಬ್ಬ ತಮ್ಮನ ಹೆಸರು ಇಲ್ಲಿಂದ ತೆಗೀತೀನಿ. ಅವನನ್ನ ಮರ್ಯಾದೆಯಿಂದ ಮಣ್ಣು ಮಾಡೋಣ. ಆದ್ರೆ ಆ ಜಾಗದಲ್ಲಿ ಇನ್ನೊಂದು ಹೆಸರು ಬರೀಬೇಕು. ಖಾಲಿ ಬಿಡೋಕಾಗಲ್ಲ.”

“ಎರಡೂ ನಮ್ಮಮ್ಮ ಇಟ್ಟ ಹೆಸರೇ,” ಎಂದಳು ಅಕ್ಕ. “ಬರೆಯೋಕೆ ಯಾವುದು ಸುಲಭವೋ ಅದನ್ನ ಬರ್ಕೊಳ್ಳಿ.”

“ಹಾಗಂದ್ರೆ ಹೇಗೆ?”

“ಮುಖ ತೊಳ್ಕೊಂಡು ಬರ್ತೀನಿ.”

ಭಾವ ಅವಳಿಗೆ ದಾರಿ ಬಿಟ್ಟ. ಕೈ ಅರ್ಧ ಎತ್ತಿದ, ಆದರೆ ಮುಟ್ಟಲಿಲ್ಲ. ಅವಳು ಅವನ ಪಕ್ಕದಿಂದ ಹಾದು ಬಾಗಿಲು ದಾಟಿದಳು. ಹೆಜ್ಜೆಯಲ್ಲಿ ಆತುರವಿರಲಿಲ್ಲ.

ಮೇಜರ್ ಟೆಲಿಫೋನಿನ ಹಿಡಿಕೆ ತಿರುಗಿಸಿ ಮುಂಚೂಣಿಯ ಆಸ್ಪತ್ರೆಯನ್ನು ಕೇಳಿದರು. ಸಂಪರ್ಕ ಸಿಗಲು ಹೊತ್ತಾಯಿತು. ಸಿಕ್ಕಿದ ಮೇಲೆ ಅವರು ಹೆಚ್ಚೇನೂ ಮಾತಾಡಲಿಲ್ಲ, ಕೇಳಿಸಿಕೊಂಡರು.

“ಅವನು ಅಲ್ಲಿಲ್ಲ,” ಎಂದರು ರಿಸೀವರ್ ಇಡುತ್ತ. “ಓಡಿಹೋದ ದಿನದಿಂದ ವಾಪಸು ಬಂದೇ ಇಲ್ಲವಂತೆ. ಆಸ್ಪತ್ರೆಗೆ ಹೋಗಲ್ಲ ಅಂತ ಪಿಸ್ತೂಲು ತೋರಿಸಿ ವಿಮಾನಾನ ಆ ಕಡೆ ತಿರುಗಿಸಿದಾನೆ, ಶತ್ರು ಕಡೆಗೇ ಹೋಗಿರಬೇಕು.”

“ಇಲ್ಲ ಸಾರ್, ಅವನು ಹಾಗೆಲ್ಲ...” ಭಾವ ಅಲ್ಲಿಗೇ ನಿಲ್ಲಿಸಿದ.

ಜಿಗಣೆ ಕಿಟಕಿಯ ಬಳಿ ಹೋದ. ಕೈತೊಳೆಯುವ ಕೊಳಾಯಿ ಶೆಡ್ಡಿನ ಪಕ್ಕದಲ್ಲಿತ್ತು, ಅಲ್ಲಿ ಯಾರೂ ಇರಲಿಲ್ಲ. ಅವನು ಹೊರಗೆ ಬಂದ. ಶೆಡ್ಡಿನೊಳಗೆ ಬಗ್ಗಿ ನೋಡಿದ. ಬಟ್ಟೆಗಾಡಿ ಹರಿದ ಹೊಟ್ಟೆ ಹೊತ್ತು ನಿಂತಿತ್ತು. ಅಕ್ಕನ ಮಣೆ ಖಾಲಿ.

ಗೇಟಿನ ಕಾವಲಿನವನು ಬೀಡಿ ಹಚ್ಚುತ್ತಿದ್ದವನು ಜಿಗಣೆಯನ್ನು ಕಂಡು ಬೆನ್ನ ಹಿಂದೆ ಬಚ್ಚಿಟ್ಟ.

“ಅಕ್ಕ ಈ ಕಡೆ ಬಂದ್ರಾ?”

“ಈಗ ತಾನೇ ಹೋದ್ರು ಸಾರ್.”

“ಯಾವ ಕಡೆ?”

“ಕಲ್ಲುಗಣಿ ಕಡೆ. ಅದೇ, ಕೆಲಸ ನಿಂತುಹೋಗಿರೋ ಗಣಿ.”

ಹಿಂದಿನಿಂದ ಓಡುತ್ತ ಬಂದ ಭಾವ ಏದುಸಿರು ಬಿಡುತ್ತ ನಿಂತ. “ಆ ದಾರೀಲಿ ನಮಗೇನಿದೆ?” ಎಂದ. “ನಮ್ಮ ಮನೆ ಈ ಕಡೆ. ಅಲ್ಲಿ ಯಾರೂ ಇಲ್ಲ.”

ಕಾವಲಿನವನು ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದ.

“ದಿನಾ ಹೋಗ್ತಾರಲ್ಲ ಭಾವ. ಗುಬ್ಬಿ ಸತ್ತ ಮಾರನೇ ದಿನದಿಂದಾನೂ ಇದೇ ಹೊತ್ತಿಗೆ, ಊಟದ ಡಬ್ಬಿ ಹಿಡ್ಕೊಂಡು. ದುಃಖ ಇದೆ, ಒಬ್ಬರೇ ಕೂತು ಉಣ್ತಾರೇನೋ ಅಂದ್ಕೊಂಡೆ. ನಿಮಗೆ ಗೊತ್ತಿಲ್ವಾ?”

ಭಾವ ಗಣಿಯ ದಾರಿಯತ್ತ ತಿರುಗಿದ.

“ಇವತ್ತೂ ಡಬ್ಬಿ ಇತ್ತಾ?” ಜಿಗಣೆ ಕೇಳಿದ.

ಕಾವಲಿನವನು ಯೋಚಿಸಿದ. “ಇಲ್ಲ ಸಾರ್. ಇವತ್ತು ಬರಿಗೈಲಿ ಹೋದ್ರು. ಏನೂ ಯೋಚನೆ ಮಾಡ್ಬೇಡಿ, ಅರ್ಧ ಗಂಟೇಲಿ ಬಂದುಬಿಡ್ತಾರೆ. ಯಾವತ್ತೂ ಅಷ್ಟೇ.”

ಜಿಗಣೆ ಕೂಗಿ ಇಬ್ಬರು ಸಿಪಾಯಿಗಳನ್ನು ಕರೆದ. ಅವರು ಬಂದೂಕು ಹಿಡಿದು ಬರುವಷ್ಟರಲ್ಲಿ ಭಾವ ಗೇಟು ದಾಟಿ ಓಡತೊಡಗಿದ್ದ. ಗಣಿಯ ಅಂಚು ಮುಟ್ಟಿದಾಗ ಸೂರ್ಯ ಕೆಳಗಿಳಿದಿದ್ದ. ಕಲ್ಲಿನ ಮರೆಯಲ್ಲಿ ಹಾಸಿದ ಕಂಬಳಿ, ಅದರ ಪಕ್ಕದಲ್ಲಿ ಚರ್ಮದ ಚೀಲ. ಅದರ ಮುದ್ರೆಯನ್ನು ಯಾರೂ ಒಡೆದಿರಲಿಲ್ಲ. ಚಿಕ್ಕವನೂ ಇಲ್ಲ, ಅಕ್ಕನೂ ಇಲ್ಲ.

ಭಾವ ಹೆಂಡತಿಯನ್ನು ಹೆಸರು ಹಿಡಿದು ಕೂಗಿದ. ಮದುವೆಯಾದಂದಿನಿಂದ ಅವನು ಅವಳನ್ನು ಹೆಸರು ಹಿಡಿದು ಕರೆದದ್ದನ್ನು ಯಾರೂ ಕೇಳಿರಲಿಲ್ಲ. ಗಣಿಯ ಗೋಡೆಗಳು ಆ ಕೂಗನ್ನು ಎರಡು ಸಲ ಹಿಂತಿರುಗಿಸಿದವು.

ಅವರು ಅಲ್ಲೇ ಕಾದರು. ಅರ್ಧ ಗಂಟೆ ಕಳೆಯಿತು. ಅಕ್ಕ ಬರಲಿಲ್ಲ.